ಕಾಣದ ಕಣ್ಣಿಗೆ ನಾಚುವವರಾರು?

(ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳನ್ನೂ ಊರಿನ ಆಸಕ್ತರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದಿದ್ದ ಪುನರುಕ್ತಿಗಳನ್ನು ಮಾತ್ರ ತೆಗೆದಿದ್ದೇನೆ.)

ಸಭಿಕರಿಗೆಲ್ಲ ನಮಸ್ಕಾರ.

ಕಳೆದ ತಿಂಗಳು ಬ್ಯಾಂಕಿಗೆ ಕೊಡಬೇಕಾಗಿದ್ದ ಕೆಲವು ಕಾಗದಗಳ ಪ್ರತಿ ತೆಗೆಸಲು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದ ಹಿರಿಯರೊಬ್ಬರ ಕೈಯಲ್ಲಿ ಪಾಸ್‌ಬುಕ್ ಇತ್ತು. ನಾನು ಪಕ್ಕಕ್ಕೆ ಬಂದು ನಿಂತ ಕೂಡಲೇ ಅವರು, ನನ್ನ ಕಡೆ ತಿರುಗದೆಯೇ, ಲೆಕ್ಕವಿದ್ದ ಪುಟವನ್ನು ಮಡಚಿ ಪಾಸ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದುಕೊಂಡರು. ನನಗೆ ಬೇಸರವೇನೂ ಆಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಅಷ್ಟರಲ್ಲಿ ಅಂಗಡಿಯ ಹುಡುಗ, "ಅಂಕಲ್, ಉಳಿದಿದ್ದು ಮೊಬೈಲಲ್ಲಿದ್ರೆ ಈ ನಂಬರಿಗೆ ವಾಟ್ಸಾಪ್ ಮಾಡಿಬಿಡಿ" ಎಂದು ಗೋಡೆಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿದ. ಅದೇ ಹಿರಿಯರು ತಮ್ಮ ಆಧಾರ್ ಕಾರ್ಡು, ಪ್ಯಾನ್ ಕಾರ್ಡು, ಮಗಳ ಅಂಕಪಟ್ಟಿ ಎಲ್ಲವನ್ನೂ ಒಂದರ ಹಿಂದೊಂದರಂತೆ ಕಳುಹಿಸಿದರು. ಅಂಗಡಿಯ ಕಂಪ್ಯೂಟರಿನ ಪರದೆ ಗಿರಾಕಿಗಳ ಕಡೆಗೇ ತಿರುಗಿತ್ತು. ಅದರ ಮೇಲೆ ಬೆಳಗಿನಿಂದ ಬಂದುಹೋದವರ ಆಧಾರ್ ಕಾರ್ಡುಗಳು, ಹೆಸರು, ಹುಟ್ಟಿದ ದಿನ, ವಿಳಾಸ, ಭಾವಚಿತ್ರಗಳೊಂದಿಗೆ ಸಾಲಾಗಿ ಬಿದ್ದಿದ್ದವು.

ಅಂತರ್ಜಾಲದಲ್ಲಿ ತಮ್ಮ ಖಾಸಗಿತನ ಏನಾಗುತ್ತಿದೆ ಎಂಬುದನ್ನು ಬಹಳಷ್ಟು ಜನ ಏಕೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ನನ್ನಂತೆ ಕಂಪ್ಯೂಟರ್ ಪಾಠ ಹೇಳುವವರು ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಜನರಿಗೆ ತಿಳಿವಳಿಕೆಯಿಲ್ಲ, ತಿಳಿಸಿಕೊಟ್ಟರೆ ಸರಿಹೋಗುತ್ತದೆ. ಹಲವು ವರ್ಷ ನಾನೂ ಇದನ್ನೇ ಹೇಳಿಕೊಂಡು ತಿರುಗಿದ್ದೇನೆ. ಈಗ ನನಗೆ ಆ ಉತ್ತರದಲ್ಲಿ ನಂಬಿಕೆ ಉಳಿದಿಲ್ಲ. ಪಾಸ್‌ಬುಕ್ಕಿನ ಪುಟ ಮಡಚಿದ ಕೈಗೆ ಖಾಸಗಿತನವೆಂದರೇನು ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಆ ಕೈಯನ್ನು ಎಚ್ಚರಿಸಿದ್ದು ಪಕ್ಕದಲ್ಲಿ ನಿಂತಿದ್ದ ನನ್ನ ಮುಖ. ಮೊಬೈಲಿನಲ್ಲಿ ಅಂಥ ಮುಖ ಯಾವುದೂ ಇರಲಿಲ್ಲ. ನಮ್ಮ ಖಾಸಗಿತನದ ಅರಿವು ಗುರುತಿನವರ ಕಣ್ಣು, ನೆರೆಹೊರೆಯವರ ನಾಲಿಗೆ, ನೆಂಟರ ಕುಹಕ ಇವುಗಳ ನಡುವೆ ಬೆಳೆದು ಹದಗೊಂಡದ್ದು. ಮುಖವಿಲ್ಲದ, ನಾಲಿಗೆಯಿಲ್ಲದ, ಆದರೆ ಏನನ್ನೂ ಮರೆಯದ ಒಂದು ಯಂತ್ರವ್ಯವಸ್ಥೆ ಎದುರಿಗೆ ಬಂದಾಗ ಆ ಅರಿವು ಕೆಲಸ ಮಾಡುವುದಿಲ್ಲ. ಜನರ ಉದಾಸೀನವೆಂದು ನಾವು ಕರೆಯುವುದರ ಬಹುಪಾಲು ಇದೇ ಎಂದು ನನ್ನ ಎಣಿಕೆ. ಉಳಿದ ಪಾಲಿಗೆ ಬೇರೆ ಕಾರಣಗಳಿವೆ, ಅವನ್ನೂ ಹೇಳುತ್ತೇನೆ.

ಮೊದಲು ಪದಗಳ ವಿಚಾರ. 'ಖಾಸಗಿ' ಎಂಬುದು ಅರಬ್ಬೀ ಮೂಲದ 'ಖಾಸ್' ಪದದಿಂದ ಆಡಳಿತದ ಭಾಷೆಯ ಮೂಲಕ ನಮಗೆ ಬಂದದ್ದು. 'ಗೋಪ್ಯ' ಸಂಸ್ಕೃತದ್ದು, ಅದರ ಧಾತುವಿಗೆ ಕಾಪಾಡು ಎಂಬ ಅರ್ಥವಿದೆ. 'ಗುಟ್ಟು' ನಮ್ಮ ಮನೆಮಾತಿನ ಪದ, ಆದರೆ ಅದು ಬಾಯಿಗೆ ಬಂದೊಡನೆ 'ರಟ್ಟು' ಎಂಬುದೂ ಜೊತೆಗೇ ಬಂದುಬಿಡುತ್ತದೆ. ಗುಟ್ಟಿರುವುದೇ ರಟ್ಟಾಗಲಿಕ್ಕೆ ಎನ್ನುವ ಹಾಗೆ. ಈ ಮೂರರಲ್ಲಿ ಯಾವುದೂ ಇಂದಿನ ಸಂದರ್ಭಕ್ಕೆ ಪೂರ್ತಿ ಒಗ್ಗುವುದಿಲ್ಲ. ನಾನು ಎಷ್ಟು ಹೊತ್ತಿಗೆ ಮಲಗುತ್ತೇನೆ, ಯಾವ ಔಷಧದ ಬೆಲೆ ಹುಡುಕಿದೆ, ಯಾವ ಜಾಹೀರಾತಿನ ಮುಂದೆ ನನ್ನ ಹೆಬ್ಬೆರಳು ಒಂದು ಕ್ಷಣ ನಿಂತಿತು ಎಂಬುದೆಲ್ಲ ನನಗೆ ಗುಟ್ಟೇ ಅಲ್ಲ. ಅದನ್ನು ಕಾಪಾಡಬೇಕೆಂದು ನನಗೆ ಅನ್ನಿಸಿದ್ದೂ ಇಲ್ಲ. ಗುಟ್ಟಲ್ಲದ ಸಾವಿರ ಸಂಗತಿಗಳನ್ನು ಒಂದೆಡೆ ಪೇರಿಸಿದರೆ ನನ್ನ ಗುಟ್ಟು ತಾನಾಗಿಯೇ ಹೊರಬೀಳುತ್ತದೆ ಎಂಬುದಕ್ಕೆ ನಮ್ಮಲ್ಲಿ ಗಾದೆ ಇಲ್ಲ. ಗೋಡೆಗೂ ಕಿವಿಯಿದೆ ಎಂಬ ಗಾದೆಯಿದೆ; ಆದರೆ ಆ ಕಿವಿ ಗೋಡೆಯಾಚೆಗಿನ ಮನುಷ್ಯನದು.

ಆದರೆ ಪದ ಇಲ್ಲದಿದ್ದ ಮಾತ್ರಕ್ಕೆ ಪರಿಕಲ್ಪನೆಯೇ ಇರಲಿಲ್ಲ, ಖಾಸಗಿತನ ಪಶ್ಚಿಮದಿಂದ ಆಮದಾದದ್ದು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ಜಗಲಿಯ ಮೇಲೆ ದಾರಿಹೋಕರೂ ಕೂರಬಹುದು. ಪಡಸಾಲೆಗೆ ಪರಿಚಯದವರು ಬರುತ್ತಾರೆ. ನಡುಮನೆಗೆ ನೆಂಟರು, ಅಡುಗೆಮನೆಗೆ ಮನೆಯವರು. ಜಗಲಿಯಲ್ಲಿ ಆಡುವ ಮಾತು ಬೇರೆ, ಒಳಗೆ ಆಡುವ ಮಾತು ಬೇರೆ, ಮತ್ತು ಒಳಗಿನ ಮಾತು ಜಗಲಿಗೆ ಬಂದರೆ ಮರ್ಯಾದೆ ಹೋಯಿತೆಂದೇ ಲೆಕ್ಕ. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಹೆಲೆನ್ ನಿಸೆನ್‌ಬಾಮ್ 2004ರಲ್ಲಿ ಮಂಡಿಸಿದ ಪ್ರಸಿದ್ಧ ವಾದವೂ ಹೆಚ್ಚು ಕಡಿಮೆ ಇದೇ: ಖಾಸಗಿತನವೆಂದರೆ ಮಾಹಿತಿಯನ್ನು ಬಚ್ಚಿಡುವುದಲ್ಲ; ಯಾವ ಸಂದರ್ಭದಲ್ಲಿ ಯಾರಿಗೆ ಹೇಳಿದೆವೋ ಆ ಸಂದರ್ಭಕ್ಕೆ ತಕ್ಕ ಕಟ್ಟುಪಾಡಿನಲ್ಲೇ ಆ ಮಾಹಿತಿ ಹರಿಯಬೇಕು ಎಂಬುದು. ವೈದ್ಯರಿಗೆ ಹೇಳಿದ್ದು ಔಷಧದಂಗಡಿಯವರೆಗೆ ಹೋಗಬಹುದು, ವಿಮೆಯ ಏಜೆಂಟನ ಕಿವಿಗೆ ಬೀಳಬಾರದು. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿರಲಿಲ್ಲ. ಒಂದು ಮಾತನ್ನು ಮಾತ್ರ ಇಲ್ಲಿ ಸೇರಿಸದೆ ಮುಂದೆ ಹೋದರೆ ಅಪ್ರಾಮಾಣಿಕನಾಗುತ್ತೇನೆ: ಆ ಜಗಲಿ, ಆ ನಡುಮನೆಯ ಹೊಸ್ತಿಲು ಜಾತಿಯ ಗೆರೆಗಳೂ ಆಗಿದ್ದವು. ಒಳಗಿನವರ ಖಾಸಗಿತನದ ಬೆಲೆಯನ್ನು ತೆತ್ತವರು ಹೊರಗೇ ನಿಲ್ಲಬೇಕಾದವರು. ಆದುದರಿಂದ ಹಳೆಯ ಮನೆಯನ್ನು ಆದರ್ಶವೆಂದು ಹೇಳುತ್ತಿಲ್ಲ. ಪದರಗಳ ಅರಿವು ನಮಗೆ ಹೊಸದಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈ ಅರಿವು ಇಂದಿಗೂ ಎಷ್ಟು ಚುರುಕಾಗಿದೆ ಎಂಬುದನ್ನು 2025ರ ಸೆಪ್ಟೆಂಬರಿನಲ್ಲಿ ನಾವೆಲ್ಲ ಕಂಡೆವು. ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಆ ತಿಂಗಳ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಆರಂಭಿಸಿ, ಗಣತಿದಾರರು 60 ಪ್ರಶ್ನೆಗಳನ್ನು ಹಿಡಿದುಕೊಂಡು ಮನೆಬಾಗಿಲಿಗೆ ಬಂದಾಗ, ಅದರಲ್ಲೂ ಬೆಂಗಳೂರಿನಲ್ಲಿ, ಬಾಗಿಲು ತೆರೆಯದವರೂ ಅರ್ಧ ಉತ್ತರ ಕೊಟ್ಟವರೂ ಬಹಳ ಮಂದಿ ಇದ್ದರು. ವರಮಾನ ಎಷ್ಟು, ಒಡವೆ ಎಷ್ಟು ಎಂಬುದೆಲ್ಲ ಇವರಿಗೇಕೆ ಎಂಬ ಸಿಟ್ಟು ಎಲ್ಲೆಡೆ ಕೇಳಿಬಂತು. ವಿಷಯ ಹೈಕೋರ್ಟಿಗೆ ಹೋಯಿತು. ಅದೇ 25ರಂದು ನ್ಯಾಯಾಲಯ ಸಮೀಕ್ಷೆಗೆ ತಡೆ ಕೊಡದೆ, ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಸಂಗ್ರಹಿಸಿದ ಮಾಹಿತಿಯನ್ನು ಗೋಪ್ಯವಾಗಿಡಬೇಕು ಎಂದು ಮಧ್ಯಂತರ ಆದೇಶ ನೀಡಿತು. ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಗಣತಿಗೆಂದು ಬಂದು ಬಾಗಿಲಲ್ಲಿ ನಿಂತ ಶಿಕ್ಷಕಿಗೆ ಸಂಬಳ ಹೇಳಲು ಒಪ್ಪದ ಅನೇಕರು, ಅದೇ ಸಂಜೆ ಸಾಲದ ಅರ್ಹತೆ ತೋರಿಸುವ ಯಾವುದೋ ಆ್ಯಪಿಗೆ ತಮ್ಮ ಪ್ಯಾನ್ ಸಂಖ್ಯೆಯನ್ನೂ ಬ್ಯಾಂಕಿನ ಸಂದೇಶಗಳನ್ನು ಓದುವ ಅನುಮತಿಯನ್ನೂ ಕೊಟ್ಟಿರುತ್ತಾರೆ. ಆ ಶಿಕ್ಷಕಿ ಅದೇ ಊರಿನವರು. ನಾಳೆ ತರಕಾರಿ ಅಂಗಡಿಯಲ್ಲಿ ಎದುರಾಗುತ್ತಾರೆ. ಆ್ಯಪು ಎದುರಾಗುವುದಿಲ್ಲ. "ನಾಲ್ಕು ಜನ ಏನಂದುಕೊಂಡಾರು" ಎಂಬ ನಮ್ಮ ಹಳೆಯ ಅಂಜಿಕೆಯಲ್ಲಿರುವ ಆ ನಾಲ್ಕು ಜನರಲ್ಲಿ ಸರ್ವರ್‌ಗೆ ಜಾಗವಿಲ್ಲ.

ಇದೇ ಮಾತನ್ನು ಇನ್ನೂ ಸೂಕ್ಷ್ಮವಾಗಿ ತೋರಿಸಿಕೊಟ್ಟ ಒಂದು ಅಧ್ಯಯನವಿದೆ. ಭಾರತ, ಪಾಕಿಸ್ತಾನ ಮತ್ತು ಬಾಂಗ್ಲಾದೇಶದ 199 ಮಂದಿಯೊಂದಿಗೆ, ಮುಖ್ಯವಾಗಿ ಮಹಿಳೆಯರೊಂದಿಗೆ, ಮಾತನಾಡಿ ನಿತ್ಯಾ ಸಾಂಬಶಿವನ್ ಮತ್ತು ಸಹಸಂಶೋಧಕರು ಅದನ್ನು 2018ರಲ್ಲಿ ಪ್ರಕಟಿಸಿದರು. ಖಾಸಗಿತನ ನನ್ನಂಥವಳಿಗಲ್ಲ, ಅದು ಶ್ರೀಮಂತ ಹೆಂಗಸರ ವಿಚಾರ ಎಂಬರ್ಥದ ಮಾತನ್ನು ಅದರಲ್ಲಿ ಒಬ್ಬಾಕೆ ಹೇಳುತ್ತಾರೆ. ಆದರೆ ಅಂಥ ಮಹಿಳೆಯರೇ, ಮೊಬೈಲನ್ನು ಗಂಡ, ಅತ್ತೆ, ಮಕ್ಕಳು ಎಲ್ಲರೂ ಎತ್ತಿಕೊಳ್ಳುವ ಮನೆಯಲ್ಲಿದ್ದುಕೊಂಡು, ಆ್ಯಪುಗಳಿಗೆ ಬೀಗ ಹಾಕುತ್ತಾರೆ, ಹುಡುಕಿದ ಪದಗಳನ್ನು ಅಳಿಸುತ್ತಾರೆ, ಸಂದೇಶಗಳನ್ನು ಆರಿಸಿ ಆರಿಸಿ ತೆಗೆಯುತ್ತಾರೆ. ಬಾಯಿ ಬೇಡವೆಂದದ್ದನ್ನು ಬೆರಳು ದಿನವೂ ಮಾಡುತ್ತಿದೆ. ಇದನ್ನು ಓದಿದ ಮೇಲೆ ನಾನು "ನಿಮಗೆ ಖಾಸಗಿತನ ಮುಖ್ಯವೇ?" ಎಂದು ತರಗತಿಯಲ್ಲಿ ಕೇಳುವುದನ್ನು ಬಿಟ್ಟೆ. ಈಗ "ಮೊಬೈಲಿಗೆ ಬೀಗ ಯಾರ ಭಯಕ್ಕೆ ಹಾಕಿದ್ದೀರಿ?" ಎಂದು ಕೇಳುತ್ತೇನೆ. ಅಕ್ಕ, ತಮ್ಮ, ರೂಮ್‌ಮೇಟ್, ಅಮ್ಮ ಎಂಬ ಉತ್ತರಗಳು ಬರುತ್ತವೆ. ಯಾವುದಾದರೂ ಕಂಪನಿಯ ಹೆಸರನ್ನು ಹೇಳಿದ ವಿದ್ಯಾರ್ಥಿ ನನಗೆ ಇದುವರೆಗೆ ಸಿಕ್ಕಿಲ್ಲ.

ಇನ್ನು ಉಳಿದ ಕಾರಣಗಳು. ಇಲ್ಲಿ ಅಪರಾಧ ಜನರದ್ದಕ್ಕಿಂತ ಏರ್ಪಾಡಿನದ್ದು ಹೆಚ್ಚು. 2008ರಲ್ಲಿ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಅಲೀಸಿಯಾ ಮೆಕ್‌ಡೊನಾಲ್ಡ್ ಮತ್ತು ಲೋರಿ ಕ್ರೇನರ್ ಒಂದು ಲೆಕ್ಕ ಹಾಕಿದರು. ಒಬ್ಬ ಅಮೆರಿಕನ್ ಬಳಕೆದಾರ ತಾನು ವರ್ಷದಲ್ಲಿ ಭೇಟಿ ಕೊಡುವ ಎಲ್ಲ ತಾಣಗಳ ಖಾಸಗಿತನದ ನೀತಿಯನ್ನು ಪೂರ್ತಿ ಓದಿದರೆ ಅದಕ್ಕೇ ವರ್ಷಕ್ಕೆ ಸುಮಾರು 244 ಗಂಟೆ ಬೇಕು. ಇದು ಸ್ಮಾರ್ಟ್‌ಫೋನ್ ಮನೆಮನೆಗೆ ಬರುವ ಮೊದಲಿನ, ಇಂಗ್ಲಿಷ್ ತಾಯ್ನುಡಿಯಾಗಿರುವವರ ಲೆಕ್ಕ. ಕನ್ನಡದಲ್ಲಷ್ಟೇ ಸರಾಗವಾಗಿ ಓದಬಲ್ಲ ಒಬ್ಬ ಆಟೋ ಚಾಲಕನ ಮುಂದೆ ಇಂಗ್ಲಿಷಿನ ಹತ್ತಾರು ಪುಟಗಳನ್ನು ಹಾಕಿ, ಕೆಳಗೆ 'ಒಪ್ಪಿದ್ದೇನೆ' ಎಂಬ ಗುಂಡಿಯೊಂದನ್ನು ಮಾತ್ರ ಇಟ್ಟು, ಅವನು ಅದನ್ನು ಒತ್ತಿದ ಮೇಲೆ ಅವನಿಗೆ ಖಾಸಗಿತನದ ಚಿಂತೆಯಿಲ್ಲ ಎಂದು ನಾವು ತೀರ್ಮಾನಿಸುತ್ತೇವೆ. ಒತ್ತದಿದ್ದರೆ ಆ ದಿನದ ಬಾಡಿಗೆ ಸಿಗುವುದಿಲ್ಲ. ಇದಕ್ಕೆ ಒಪ್ಪಿಗೆ ಎಂಬ ಪದವನ್ನು ಬಳಸಲು ನನಗೆ ಸಂಕೋಚ.

ಜನ ಖಾಸಗಿತನಕ್ಕೆ ಬೆಲೆ ಕೊಡುವುದಿಲ್ಲ ಎಂಬ ಮಾತನ್ನು ಅಳೆದು ನೋಡಿದವರೂ ಇದ್ದಾರೆ. ಅಲೆಸಾಂಡ್ರೊ ಅಕ್ವಿಸ್ಟಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಮೆರಿಕದ ಮಾಲ್ ಒಂದಕ್ಕೆ ಬಂದವರಿಗೆ ಉಡುಗೊರೆ ಕಾರ್ಡು ಹಂಚಿದರು. ಕೆಲವರಿಗೆ 10 ಡಾಲರಿನ ಕಾರ್ಡು, ಅದರಲ್ಲಿ ಏನು ಕೊಂಡರೂ ಯಾರಿಗೂ ತಿಳಿಯುವುದಿಲ್ಲ. ಇನ್ನು ಕೆಲವರಿಗೆ 12 ಡಾಲರಿನದು, ಆದರೆ ಕೊಂಡದ್ದು ಹೆಸರಿನೊಂದಿಗೆ ದಾಖಲಾಗುತ್ತದೆ. ಬೇಕಿದ್ದರೆ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದಾಗಿತ್ತು. ಗುಟ್ಟಿನ ಕಾರ್ಡು ಮೊದಲು ಕೈಗೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡು ಡಾಲರಿನ ಆಸೆ ಬಿಟ್ಟು ಅದನ್ನೇ ಉಳಿಸಿಕೊಂಡರು. ದಾಖಲಾಗುವ ಕಾರ್ಡು ಮೊದಲು ಸಿಕ್ಕವರಲ್ಲಿ ಎರಡು ಡಾಲರು ಕೊಟ್ಟು ಗುಟ್ಟನ್ನು ಕೊಂಡವರು ಹತ್ತರಲ್ಲಿ ಒಬ್ಬರು ಮಾತ್ರ. ಜನ ಅದೇ, ಸರಕು ಅದೇ. ಮೊದಲು ಕೈಯಲ್ಲಿ ಏನಿತ್ತು ಎಂಬುದಷ್ಟೇ ಬೇರೆ. ನಮಗೆಲ್ಲ ಮೊದಲು ಕೈಗೆ ಬಂದದ್ದು ಎರಡನೆಯ ಕಾರ್ಡು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮೊದಲ ಬಾರಿಗೆ ಅಂತರ್ಜಾಲ ಕಂಡ ಕೋಟ್ಯಂತರ ಜನರಿಗೆ, ದಾಖಲಾಗದೆ ಬಳಸುವ ಅಂತರ್ಜಾಲವೊಂದು ಇರಬಹುದು ಎಂಬ ಕಲ್ಪನೆಗೂ ಅವಕಾಶವಿರಲಿಲ್ಲ. ಕಳೆದುಕೊಂಡದ್ದು ಇದ್ದಿದ್ದೇ ಗೊತ್ತಿಲ್ಲದವರು ಅದಕ್ಕಾಗಿ ಹೇಗೆ ಕೊರಗುತ್ತಾರೆ?

ಹಾಗಾದರೆ ಸರಳವಾಗಿ ಕೇಳಿದರೆ ಜನ ಏನು ಹೇಳುತ್ತಾರೆ? ಇದಕ್ಕೂ ಉತ್ತರ ಸಿಕ್ಕಿದೆ. 2021ರ ಏಪ್ರಿಲಿನಿಂದ ಆ್ಯಪಲ್ ಕಂಪನಿ ತನ್ನ ಐಫೋನುಗಳಲ್ಲಿ ಒಂದು ನಿಯಮ ತಂದಿತು. ಬೇರೆ ಕಂಪನಿಗಳ ಆ್ಯಪು ಮತ್ತು ತಾಣಗಳಲ್ಲಿ ನಿಮ್ಮ ಬೆನ್ನು ಹತ್ತಲು ಬಯಸುವ ಪ್ರತಿ ಆ್ಯಪೂ ಮೊದಲು ಒಂದೇ ವಾಕ್ಯದಲ್ಲಿ ಅನುಮತಿ ಕೇಳಬೇಕು. ಉತ್ತರಕ್ಕೆ ಎರಡೇ ಗುಂಡಿ. ಬಹಳಷ್ಟು ಜನ ಬೇಡವೆಂದರು. ಎಷ್ಟೆಂದರೆ, ಈ ಬದಲಾವಣೆಯಿಂದ 2022ರಲ್ಲಿ ತನ್ನ ವರಮಾನಕ್ಕೆ ಸುಮಾರು 1000 ಕೋಟಿ ಡಾಲರಿನ ಹೊಡೆತ ಬೀಳಬಹುದು ಎಂದು ಫೇಸ್‌ಬುಕ್‌ನ ಒಡೆಯನಾದ ಮೆಟಾ ಕಂಪನಿಯೇ ಹೇಳಿಕೊಂಡಿತು. ಆ್ಯಪಲ್ ಇದನ್ನು ಮಾಡಿದ್ದು ಧರ್ಮಕ್ಕಲ್ಲ, ಅದರ ವ್ಯಾಪಾರದ ಲೆಕ್ಕ ಅದಕ್ಕೆ. ಅದೇನೇ ಇರಲಿ, ನಿರ್ಲಕ್ಷ್ಯವೇ ಜನರ ಸ್ವಭಾವವಾಗಿದ್ದರೆ ಇಷ್ಟೊಂದು ಹಣ ಒಂದು ಸಣ್ಣ ಪ್ರಶ್ನೆಯಿಂದ ಅಲುಗಾಡಬಾರದಿತ್ತು.

ಬೇಡವೆನ್ನಲು ಗುಂಡಿಯೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ನನ್ನ ಮನೆಯದೇ ಕಥೆ. 2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ನೀತಿ ಬದಲಾಗುತ್ತಿದೆ, ಒಪ್ಪದಿದ್ದರೆ ಬಳಸುವಂತಿಲ್ಲ ಎಂಬರ್ಥದ ಸೂಚನೆ ಕಳುಹಿಸಿದಾಗ ನಾನು ಉತ್ಸಾಹದಿಂದ ಸಿಗ್ನಲ್ ಎಂಬ ಇನ್ನೊಂದು ಸಂದೇಶದ ಆ್ಯಪನ್ನು ಹಾಕಿಕೊಂಡು, ನಮ್ಮ ಕುಟುಂಬದ ಗುಂಪನ್ನೂ ಅಲ್ಲಿಗೆ ಸಾಗಿಸಲು ಹೊರಟೆ. ಆರು ಜನ ಬಂದರು. ಚಿಕ್ಕಮ್ಮ ಬರಲಿಲ್ಲ, ಏಕೆಂದರೆ ಅವರ ಭಜನಾ ಮಂಡಳಿ ವಾಟ್ಸಾಪಿನಲ್ಲೇ ಇತ್ತು. ಚಿಕ್ಕಮ್ಮನಿಲ್ಲದ ಗುಂಪಿನಲ್ಲಿ ಮಾತೇ ಹುಟ್ಟದೆ, ಎರಡು ತಿಂಗಳಲ್ಲಿ ಎಲ್ಲರೂ ಹಳೆಯ ಜಾಗಕ್ಕೇ ಮರಳಿದೆವು. ಆ ನೀತಿಯನ್ನು ಹೇರಿದ ಕ್ರಮಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ವಾಟ್ಸಾಪಿನ ಒಡೆಯನೂ ಆದ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು ಎಂಬುದು ಬೇರೆ ವಿಷಯ; ಊರಿಗೆ ಊರೇ ಒಂದು ಕಡೆ ಇರುವಾಗ ಒಂದು ಮನೆಯವರು ಮಾತ್ರ ಎದ್ದುಹೋಗಲಾರರು. ಅಮೆರಿಕದಲ್ಲಿ ಜೋಸೆಫ್ ಟ್ಯುರೋ ಎಂಬ ಪ್ರಾಧ್ಯಾಪಕರು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದೇ ಕೈಚೆಲ್ಲಿದ ಸ್ಥಿತಿಯಲ್ಲಿದ್ದರು. ತಮ್ಮ ಮಾಹಿತಿಯ ಮೇಲೆ ಹಿಡಿತ ಬೇಕೆಂಬ ಆಸೆಯಿತ್ತು, ಆದರೆ ಅದು ಆಗಲೇ ಕೈತಪ್ಪಿಹೋಗಿದೆ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು. ನಮ್ಮಲ್ಲಿ ಇದಕ್ಕೆ "ಎಲ್ಲಾ ಅವರ ಹತ್ರ ಹೇಗೂ ಇದೆಯಲ್ಲ ಬಿಡಿ" ಎನ್ನುತ್ತೇವೆ. ಹೊರಗಿನಿಂದ ನೋಡುವವರಿಗೆ ಕೈಚೆಲ್ಲಿದವನೂ ಉದಾಸೀನನೂ ಒಂದೇ ರೀತಿ ಕಾಣುತ್ತಾರೆ.

ಬಡವರ ವಿಚಾರಕ್ಕೆ ಬಂದರೆ ಇನ್ನೊಂದು ಮುಖವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಆಧಾರ್ ಕಾರ್ಡನ್ನು ಕಂಡಕ್ಟರಿಗೆ ತೋರಿಸುವುದು ಲಕ್ಷಾಂತರ ಹೆಂಗಸರ ನಿತ್ಯದ ಅಭ್ಯಾಸವಾಯಿತು. ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆಯ ವಿವರಗಳನ್ನು ಹಿಡಿದು ಗ್ರಾಮ ಒನ್ ಕೇಂದ್ರದ ಮುಂದೆ ಸಾಲು ನಿಂತದ್ದನ್ನೂ ನೋಡಿದ್ದೇವೆ. ಅವರ ಭಯ ಯಾರೋ ನೋಡಿಬಿಟ್ಟಾರು ಎಂಬುದಲ್ಲ, ಪಟ್ಟಿಯಲ್ಲಿ ತಮ್ಮ ಹೆಸರು ಬಿಟ್ಟುಹೋದೀತು ಎಂಬುದು. ತಲೆಮಾರುಗಳ ಕಾಲ ಸರ್ಕಾರದ ಕಣ್ಣಿಗೆ ಬೀಳದೆಯೇ ಬದುಕಿದವರಿಗೆ, ಕಾಣಿಸಿಕೊಳ್ಳುವುದೇ ಹಕ್ಕಿನ ಮೊದಲ ಮೆಟ್ಟಿಲು. ನಮ್ಮ ರಾಜ್ಯದ ಭೂಮಿ ಯೋಜನೆಯೂ ಇಂಥದ್ದೇ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ಗ್ರಾಮ ಲೆಕ್ಕಿಗರ ಕಂಕುಳಲ್ಲಿದ್ದ ದಾಖಲೆ ಎಲ್ಲರಿಗೂ ತೆರೆದುಕೊಂಡಿತು, ತಿದ್ದುವ ಕೈಗಳಿಗೆ ಕಡಿವಾಣ ಬಿತ್ತು. ಜೊತೆಗೆ, ಸರ್ವೆ ನಂಬರ್ ಗೊತ್ತಿರುವ ಯಾರು ಬೇಕಾದರೂ ಮನೆಯಲ್ಲೇ ಕುಳಿತು ನಿಮ್ಮ ಜಮೀನಿನ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದನ್ನು ಋಣದ ಕಾಲಂನಲ್ಲಿ ನೋಡಬಹುದಾಯಿತು. ಇದರಲ್ಲಿ ಲಾಭ ನಷ್ಟಗಳನ್ನು ತಕ್ಕಡಿಗೆ ಹಾಕಿದರೆ ಲಾಭದ ತಟ್ಟೆಯೇ ತೂಗುತ್ತದೆ ಎಂದು ನಾನಾದರೂ ಹೇಳುತ್ತೇನೆ. ಖಾಸಗಿತನದ ಪರ ವಾದಿಸುವ ನಗರದವರು ಇದನ್ನು ಮರೆಯುವುದರಿಂದಲೇ ಅವರ ಮಾತು ಹಳ್ಳಿಗೆ ತಾಕುವುದಿಲ್ಲ.

ಎಚ್ಚರ ಹೇಳಬೇಕಾದವರ ಗೊಂದಲವೂ ಸಣ್ಣದಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು: ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗವಾಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಬಹಳ ಸರಿಯಾದ ಸಲಹೆ. ಎರಡೇ ದಿನದಲ್ಲಿ, 29ರಂದು, ತಪ್ಪು ಅರ್ಥಕ್ಕೆ ಎಡೆಯಾಗಬಹುದು ಎಂಬ ಕಾರಣ ಕೊಟ್ಟು ಸರ್ಕಾರ ಆ ಪ್ರಕಟಣೆಯನ್ನೇ ಹಿಂತೆಗೆದುಕೊಂಡಿತು, ಜನರು ಸಾಮಾನ್ಯ ವಿವೇಚನೆ ಬಳಸಿದರೆ ಸಾಕೆಂದಿತು. ಜೆರಾಕ್ಸ್ ಅಂಗಡಿಯ ಮುಂದೆ ನಿಂತ ಮನುಷ್ಯ ಈ ಎರಡರಲ್ಲಿ ಯಾವುದನ್ನು ಕೇಳಬೇಕು?

ಇಷ್ಟೆಲ್ಲ ಇದ್ದರೂ ಪೆಟ್ಟು ಬಿದ್ದರೆ ಮನುಷ್ಯ ಕಲಿಯುತ್ತಾನಲ್ಲವೇ ಎಂದು ನೀವು ಕೇಳಬಹುದು. ಇಲ್ಲಿನ ಕಷ್ಟವೆಂದರೆ ಪೆಟ್ಟು ಬೀಳುವುದು ತಡವಾಗಿ, ಬೇರೆ ದಿಕ್ಕಿನಿಂದ. ಬೆಂಕಿ ಮುಟ್ಟಿದ ಮಗು ಅದೇ ಕ್ಷಣ ಕೈ ಹಿಂದೆಗೆಯುತ್ತದೆ. ಮೂರು ವರ್ಷದ ಹಿಂದೆ ಬಿಲ್ಲಿಂಗ್ ಕೌಂಟರಿನಲ್ಲಿ ಹೇಳಿದ ಮೊಬೈಲ್ ಸಂಖ್ಯೆಗೂ ನಿನ್ನೆ ಬಂದ ವಂಚಕನ ಕರೆಗೂ ಇರುವ ನಂಟು ಯಾರ ಕಣ್ಣಿಗೂ ಕಾಣುವುದಿಲ್ಲ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ಎಂಬ ವಂಚನೆಯನ್ನು ಗಮನಿಸಿ. 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಇದನ್ನು ವಿವರಿಸುವಾಗ, ಕೇಳಿಸಿದ ಧ್ವನಿಮುದ್ರಣ ನಮ್ಮ ವಿಜಯಪುರದ ಒಬ್ಬರದು. ವಂಚಕರ ಮೊದಲ ಹೆಜ್ಜೆಯೇ ನಿಮ್ಮ ವೈಯಕ್ತಿಕ ಮಾಹಿತಿ ಕಲೆಹಾಕುವುದು ಎಂದು ಪ್ರಧಾನಿ ಹೇಳಿದರು: ಹೋದ ತಿಂಗಳು ಗೋವಾಕ್ಕೆ ಹೋಗಿದ್ದಿರಲ್ಲವೇ, ಮಗಳು ದೆಹಲಿಯಲ್ಲಿ ಓದುತ್ತಾಳಲ್ಲವೇ ಎಂದು ಆರಂಭವಾಗುತ್ತದೆ ಮಾತು. ಪೊಲೀಸ್ ಸಮವಸ್ತ್ರ, ವಿಡಿಯೊ ಕರೆ, ಗದರಿಕೆ ಎಲ್ಲ ಆಮೇಲಿನದು. ಇವನಿಗೆ ಇಷ್ಟೆಲ್ಲ ಗೊತ್ತಿದೆಯೆಂದರೆ ನಿಜವಾದ ಅಧಿಕಾರಿಯೇ ಇರಬೇಕು ಎಂದು ನಂಬಿಸುವುದು ಆ ಮೊದಲ ಎರಡು ವಾಕ್ಯ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡುವಾಗ ಹಣದ ಲೆಕ್ಕ ಬರೆಸುತ್ತಾರೆ. ಗೋವಾದ ಸಂಗತಿ ಎಲ್ಲಿಂದ ಸೋರಿತು ಎಂಬುದನ್ನು ಬರೆಸಲು ಅವರಿಗೆ ಗೊತ್ತೂ ಇರುವುದಿಲ್ಲ.

ಸಾಲದ ಆ್ಯಪುಗಳ ಹಾವಳಿಯಲ್ಲಿ ಮಾತ್ರ ಈ ನಂಟು ನೇರವಾಗಿ ಕಂಡಿತು. ಐದಾರು ಸಾವಿರ ರೂಪಾಯಿ ಸಾಲ ಕೊಡುವಾಗ ಮೊಬೈಲಿನ ಸಂಪರ್ಕ ಪಟ್ಟಿ ಮತ್ತು ಫೋಟೊಗಳನ್ನು ತೆಗೆದುಕೊಂಡು, ಕಂತು ತಪ್ಪಿದರೆ ಮಾವ, ಮೇಲಧಿಕಾರಿ, ಸಹಪಾಠಿಗಳಿಗೆಲ್ಲ ತಿರುಚಿದ ಚಿತ್ರಗಳನ್ನು ಕಳುಹಿಸಿ ಮಾನ ಕಳೆದರು. ಹಲವರು ಪ್ರಾಣವನ್ನೇ ಕಳೆದುಕೊಂಡರು. ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರ ಮೊದಲೆರಡು ತಿಂಗಳಲ್ಲಿ ಗುರುತಿಸಿದ ಸುಮಾರು 1100 ಸಾಲದ ಆ್ಯಪುಗಳಲ್ಲಿ 600 ಅಕ್ರಮವಾಗಿದ್ದವು. 2022ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ರಿಸರ್ವ್ ಬ್ಯಾಂಕು ಸಾಲದ ಆ್ಯಪುಗಳು ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಕಡತಗಳನ್ನು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿತು. ಆ ಆ್ಯಪುಗಳನ್ನು ನಡೆಸಿದವರಿಗೆ ನಮ್ಮ ಸಮಾಜದ ಬಗ್ಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಇಲ್ಲಿ ಜನ ಕಂಪನಿಗೆ ಹೆದರುವುದಿಲ್ಲ, ನೆಂಟರಿಗೆ ಹೆದರುತ್ತಾರೆ. ಅದಕ್ಕೇ ಮುಖವಿಲ್ಲದ ಯಂತ್ರವನ್ನು ಮುಖವಿರುವ ನೆಂಟರಿಗೆ ಜೋಡಿಸಿದರು. ಇನ್ನೊಂದನ್ನೂ ನೋಡಿ. ಆ ಪಟ್ಟಿಯಲ್ಲಿದ್ದ ಮಾವ ಯಾವ ಆ್ಯಪಿಗೂ ಒಪ್ಪಿಗೆ ಕೊಟ್ಟವರಲ್ಲ. "ನನ್ನ ಮಾಹಿತಿ, ನನ್ನಿಷ್ಟ" ಎಂದು ಹೇಳುವವರು ತಮ್ಮ ಮೊಬೈಲಿನಲ್ಲಿ ಇನ್ನೂ 300 ಜನರ ಮಾಹಿತಿಯನ್ನು ಹೊತ್ತು ತಿರುಗುತ್ತಿರುತ್ತಾರೆ. 2018ರಲ್ಲಿ ಬೆಳಕಿಗೆ ಬಂದ ಕೇಂಬ್ರಿಜ್ ಅನಲಿಟಿಕಾ ಪ್ರಕರಣದಲ್ಲಿ, ಫೇಸ್‌ಬುಕ್‌ನಲ್ಲಿದ್ದ ಒಂದು ಸಮೀಕ್ಷಾ ಆ್ಯಪು ಅದನ್ನು ಹಾಕಿಕೊಂಡವರದಲ್ಲದೆ ಅವರ ಗೆಳೆಯರ ಮಾಹಿತಿಯನ್ನೂ ಎತ್ತಿಕೊಂಡಿತ್ತು; ಅದನ್ನು ಹಾಕಿಕೊಂಡ ಭಾರತೀಯರು 335 ಮಂದಿ. ಫೇಸ್‌ಬುಕ್ ಕೊಟ್ಟ ಲೆಕ್ಕದಲ್ಲೇ ಮಾಹಿತಿ ಸೋರಿರಬಹುದಾದ ಭಾರತೀಯರು ಸುಮಾರು 5.6 ಲಕ್ಷ.

"ನನ್ನ ಬಳಿ ಮುಚ್ಚಿಡುವಂಥದ್ದೇನಿದೆ?" ಎಂಬ ಮಾತಿಗೆ ಉತ್ತರವನ್ನು ನಾನು ಹೆಚ್ಚು ಎಳೆಯುವುದಿಲ್ಲ. ಅದನ್ನು ಹೇಳುವವರಲ್ಲಿ ಬಹುಪಾಲು ನನ್ನಂಥ ಗಂಡಸರು, ಸಂಬಳದವರು, ಮನೆಯಲ್ಲಿ ಮೊಬೈಲನ್ನು ಯಾರೂ ಕೇಳದೆ ಮುಟ್ಟದವರು. ಮುಚ್ಚಿಡುವ ಅಗತ್ಯ ಬೀಳದಿರುವುದೂ ಒಂದು ಸವಲತ್ತು. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ ಹುಡುಗಿಗೆ, ಕಾಯಿಲೆಯನ್ನು ಕಚೇರಿಯಲ್ಲಿ ಹೇಳಿಕೊಳ್ಳಲಾಗದ ಗುತ್ತಿಗೆ ನೌಕರನಿಗೆ ಆ ಸವಲತ್ತಿಲ್ಲ.

ಕಾನೂನಿನ ವಿಚಾರಕ್ಕೆ ಬಂದರೆ ಕನ್ನಡಿಗರಾಗಿ ನಾವು ನೆನೆಯಬೇಕಾದ ಒಂದು ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ಅಲ್ಲಿ ವಾದಿಸಿತು. ಆ ಪ್ರಶ್ನೆಯನ್ನು ತೀರ್ಮಾನಿಸಲು ಕೂತ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಒಬ್ಬರ ಭಿನ್ನಮತವೂ ಇಲ್ಲದೆ, ಅದು ಮೂಲಭೂತ ಹಕ್ಕು ಎಂದು ಸಾರಿತು. ಇಂದು ದೇಶದ ಯಾವ ಕಾನೂನು ಕಾಲೇಜಿಗೆ ಹೋದರೂ 'ಪುಟ್ಟಸ್ವಾಮಿ ತೀರ್ಪು' ಎಂಬ ಮಾತು ಕಿವಿಗೆ ಬೀಳುತ್ತದೆ. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ನನ್ನ ತರಗತಿಯಲ್ಲಿ ಕೇಳಿದೆ. ಇಬ್ಬರಿಗೆ ಹೆಸರು ಗೊತ್ತಿತ್ತು.

ಆ ತೀರ್ಪಿನ ನಂತರ ಆರು ವರ್ಷ ಕಳೆದು 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸರ್ಕಾರ ತನ್ನ ಸಂಸ್ಥೆಗಳಿಗೆ ಬೇಕಾದರೆ ಇದರಿಂದ ವಿನಾಯಿತಿ ಕೊಟ್ಟುಕೊಳ್ಳಬಹುದು ಎಂಬ ಸೆಕ್ಷನ್ನು, ಇದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ ಕಾಯ್ದೆಯನ್ನು ಮೊಟಕುಗೊಳಿಸಿದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಅದರಲ್ಲಿರುವ ಒಂದು ಅಂಶದ ಬಗ್ಗೆ ಬಹಳ ಮಂದಿ ಗಮನ ಹರಿಸಿಲ್ಲ: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಬಳಕೆದಾರನಿಗೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮಗಿದೆ. ಆ ಕನ್ನಡ ಹೇಗಿರುತ್ತದೆ ಎಂಬುದು ನನ್ನ ಚಿಂತೆ. ಯಂತ್ರಾನುವಾದದ, ಕ್ರಿಯಾಪದ ಹುಡುಕಬೇಕಾದ ವಾಕ್ಯಗಳಲ್ಲಿ ಅದು ಬಂದರೆ ಇಂಗ್ಲಿಷಿನ ಹತ್ತು ಪುಟದ ಜೊತೆ ಕನ್ನಡದ ಹದಿನೈದು ಪುಟ ಓದದೆ ಬಿಡುವ ಸೌಲಭ್ಯ ಸಿಕ್ಕಂತಾಗುತ್ತದೆ. "ನಿಮ್ಮ ಸಂಪರ್ಕ ಪಟ್ಟಿಯಲ್ಲಿರುವ ಎಲ್ಲರ ಹೆಸರು ಮತ್ತು ನಂಬರನ್ನು ನಾವು ನಕಲು ಮಾಡಿಕೊಳ್ಳುತ್ತೇವೆ. ಬೇಕೇ, ಬೇಡವೇ?" ಎಂದು ಜಗಲಿಯಲ್ಲಿ ಕೂತವರು ಕೇಳುವ ಹಾಗೆ ಕೇಳಿದರೆ ಉತ್ತರ ಬೇರೆಯಾಗುತ್ತದೆ. ಇಲ್ಲಿರುವ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಇದರಲ್ಲಿ ಕೆಲಸವಿದೆ, ಬಹುಶಃ ನೌಕರಿಯೂ ಇದೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ಆವತ್ತು ಜೆರಾಕ್ಸ್ ಅಂಗಡಿಯಲ್ಲಿ ನೀವೇನು ಮಾಡಿದ್ರಿ?" ಎಂದು ಕೇಳಿದರು. ಸಭೆ ನಕ್ಕಿತು, ನಾನೂ ನಕ್ಕೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾಸ್ಕ್ ಮಾಡಿದ ಆಧಾರನ್ನು ಮನೆಯಿಂದಲೇ ಮುದ್ರಿಸಿಕೊಂಡು ಹೋಗಿದ್ದೆನಾದ್ದರಿಂದ ಅಂಗಡಿಯಲ್ಲಿ ಪಾಸ್‌ಬುಕ್ಕಿನ ಪ್ರತಿ ಮಾತ್ರ ತೆಗೆಸಿದೆ. ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿದ್ದವರು ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ನಂಬರೇ ಇಲ್ವಲ್ಲ, ಪೂರ್ತಿ ಇರೋದು ತನ್ನಿ" ಎಂದರು. ಮಾಸ್ಕ್ ಮಾಡಿದ್ದೂ ಊರ್ಜಿತವೇ ಎಂದು ವಿವರಿಸತೊಡಗಿದೆ. ಹಿಂದೆ ಎಂಟು ಜನ ನಿಂತಿದ್ದರು, ಅವರಲ್ಲೊಬ್ಬರು ಗಟ್ಟಿಯಾಗಿ ನಿಟ್ಟುಸಿರು ಬಿಟ್ಟರು. ನಾನು ಎದ್ದುಬಂದು, ಬೀದಿ ದಾಟಿ, ಮತ್ತೆ ಅದೇ ಅಂಗಡಿಗೆ ಹೋಗಿ, ಗೋಡೆಯ ಮೇಲಿದ್ದ ನಂಬರಿಗೆ ನನ್ನ ಆಧಾರನ್ನು ಪೂರ್ತಿಯಾಗಿ ವಾಟ್ಸಾಪ್ ಮಾಡಿದೆ.